ಜವಳಿ ಕೋರ್ಸಿಗೆ ಎಪ್ಪತ್ತು ಸಾವಿರ ಕಟ್ಟಲೇ?

ಪ್ರಶ್ನೆ (ಮದ್ದೂರು ತಾಲ್ಲೂಕಿನಿಂದ):
ಸರ್, ನನಗೆ 23 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಎರಡು ವರ್ಷದಿಂದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಬಟ್ಟೆ ತಪಾಸಣೆ ಮಾಡುತ್ತಿದ್ದೇನೆ. ಮೇಲೇರಲು ಓದು ಬೇಕು ಎನ್ನುತ್ತಾರೆ. ಮೈಸೂರಿನ ಖಾಸಗಿ ಕೇಂದ್ರವೊಂದು ‘ಜವಳಿ ತಂತ್ರಜ್ಞಾನ’ ಎಂಬ ಆರು ತಿಂಗಳ ಕೋರ್ಸಿಗೆ 70 ಸಾವಿರ ರೂಪಾಯಿ ಕೇಳುತ್ತಿದೆ. ಅಪ್ಪ ಕಬ್ಬಿನ ಹಣ ಬಂದರೆ ಕೊಡುತ್ತೇನೆ ಎಂದಿದ್ದಾರೆ. ಸೇರಲೇ?

ಉತ್ತರ (ನಿವೃತ್ತ ಗುಣಮಟ್ಟ ವ್ಯವಸ್ಥಾಪಕ, ಮೈಸೂರು):
ಕಬ್ಬಿನ ಹಣ ಸದ್ಯಕ್ಕೆ ಅಪ್ಪನ ಹತ್ತಿರವೇ ಇರಲಿ. ನೀನು ಆ ಕೇಂದ್ರಕ್ಕೆ ಹೋಗಿ ಒಂದೇ ಮಾತು ಕೇಳು: ‘ನಿಮ್ಮ ಪ್ರಯೋಗಾಲಯ ಎಲ್ಲಿದೆ?’ ನೂಲಿನ ಬಲ ಅಳೆಯುವ ಯಂತ್ರ, ತಿರುವು ಎಣಿಸುವ ಯಂತ್ರ, ಬಣ್ಣದ ಗಟ್ಟಿತನ ನೋಡುವ ಸಾಧನ, ಕೊನೆಗೆ ಒಂದು ಒಳ್ಳೆಯ ತಕ್ಕಡಿ, ಇಷ್ಟನ್ನು ತೋರಿಸಿದರೆ ಮುಂದಿನ ಮಾತು. ನನ್ನ ಅಕ್ಕನ ಮಗ ಇಂಥದ್ದೇ ಒಂದು ಕಡೆ ಹಣ ಕಟ್ಟಿದ. ಆರು ತಿಂಗಳಲ್ಲಿ ಅವನು ಕಂಡದ್ದು ಎರಡು ಹೊಲಿಗೆ ಯಂತ್ರ ಮತ್ತು ಒಂದು ಪ್ರೊಜೆಕ್ಟರ್. ಪ್ರಮಾಣಪತ್ರ ಮಾತ್ರ ಬಹಳ ಚೆನ್ನಾಗಿತ್ತು, ಚಿನ್ನದ ಅಂಚಿನದು.

ನಮ್ಮ ಕಡೆ ಒಂದು ಗೊಂದಲವಿದೆ. ಹೊಲಿಗೆ, ಕತ್ತರಿಕೆ, ಫ್ಯಾಷನ್ ಎಲ್ಲವನ್ನೂ ಜವಳಿ ತಂತ್ರಜ್ಞಾನ ಎಂದು ಮಾರುತ್ತಾರೆ. ಜವಳಿ ಶುರುವಾಗುವುದು ನಾರಿನಿಂದ. ನಾರು ನೂಲಾಗಬೇಕು, ನೂಲು ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕಾಗಿ ಬಟ್ಟೆಯಾಗಬೇಕು, ಬಟ್ಟೆ ಬಣ್ಣದ ತೊಟ್ಟಿ ದಾಟಿ ಬರಬೇಕು. ಕತ್ತರಿಯ ಸರದಿ ಆಮೇಲೆ. ನೀನು ಈಗ ನಿಂತಿರುವುದು ಈ ಸಾಲಿನ ಕೊನೆಯ ಬಾಗಿಲಲ್ಲಿ. ಹಿಂದಿನ ಬಾಗಿಲುಗಳಲ್ಲಿ ಏನು ನಡೆಯುತ್ತದೆ ಎಂದು ತಿಳಿದವನಿಗೇ ತಪಾಸಣೆಯ ಮೇಜಿನಿಂದ ಮೇಲೇಳಲು ಸಾಧ್ಯ.

ಒಂದು ಪ್ರಶ್ನೆ ನಿನಗೆ. ಪ್ರತಿದಿನ ಫೋರ್ ಪಾಯಿಂಟ್ ಪದ್ಧತಿಯಲ್ಲಿ, ಅಂದರೆ ಉದ್ದ ನೋಡಿ 1ರಿಂದ 4 ಅಂಕ ಹಾಕಿ, ಬಟ್ಟೆಯ ದೋಷ ಎಣಿಸುತ್ತೀಯಲ್ಲ, ಲೆಕ್ಕ ನೀನೇ ಮಾಡುತ್ತೀಯೋ, ಕಂಪ್ಯೂಟರ್ ಮಾಡುತ್ತದೆಯೋ?

ಪ್ರಶ್ನಿಸಿದವರು:
ಕಂಪ್ಯೂಟರ್, ಸರ್. ನಾನು ಅಂಕ ತುಂಬುತ್ತೇನೆ ಅಷ್ಟೆ.

ಉತ್ತರ:
ಹಾಗಾದರೆ ಇವತ್ತೇ ಶುರು ಮಾಡು, ಶುಲ್ಕವಿಲ್ಲ. ಮೂರು ಇಂಚಿನವರೆಗಿನ ದೋಷಕ್ಕೆ 1 ಅಂಕ, ಆರರವರೆಗೆ 2, ಒಂಬತ್ತರವರೆಗೆ 3, ಅದಕ್ಕೂ ಉದ್ದವಾದರೆ 4. ಒಟ್ಟು ಅಂಕವನ್ನು 3600ರಿಂದ ಗುಣಿಸಿ, ಗಜದಲ್ಲಿರುವ ಉದ್ದ ಮತ್ತು ಇಂಚಿನಲ್ಲಿರುವ ಅಗಲದ ಗುಣಲಬ್ಧದಿಂದ ಭಾಗಿಸು. 100 ಗಜ ಉದ್ದ, 60 ಇಂಚು ಅಗಲದ ಸುರುಳಿಯಲ್ಲಿ 30 ಅಂಕ ಬಿದ್ದರೆ ನೂರು ಚದರ ಗಜಕ್ಕೆ 18. ಸಾಮಾನ್ಯವಾಗಿ 40 ದಾಟಿದರೆ ಸುರುಳಿ ವಾಪಸ್.

ಇದು ಬರೀ ಎಣಿಕೆ. ಆ ದೋಷ ಹುಟ್ಟಿದ್ದು ಎಲ್ಲಿ ಎಂದು ಕೇಳಿಕೊಳ್ಳುವುದು ನಿಜವಾದ ಕಲಿಕೆ. ಉದ್ದಕ್ಕೂ ಓಡುವ ಗೆರೆ ಕಂಡರೆ ಹಾಸಿನ ಎಳೆಯನ್ನೋ, ಆ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯನ್ನೋ ಅನುಮಾನಿಸು. ಅಡ್ಡಡ್ಡ ಪಟ್ಟೆ ಕಂಡರೆ ಹೊಕ್ಕಿನ ನೂಲು ಬದಲಾಗಿರಬಹುದು, ಇಲ್ಲವೇ ಮಗ್ಗ ನಿಂತು ಮತ್ತೆ ಹೊರಟ ಜಾಗ ಅದು. ಒಂದು ತಿಂಗಳು ಹೀಗೆ ಟಿಪ್ಪಣಿ ಬರೆದಿಡು.

ತೂಕದ ವಿಷಯ ಇನ್ನೂ ಸ್ವಾರಸ್ಯದ್ದು. ಪೂರ್ತಿ ಒಣಗಿಸಿದ 100 ಕಿಲೋ ಹತ್ತಿ ಗಾಳಿಯ ತೇವ ಕುಡಿದು ವ್ಯಾಪಾರದ ಲೆಕ್ಕಕ್ಕೆ 108.5 ಕಿಲೋ ಆಗುತ್ತದೆ. ರೇಷ್ಮೆಯಾದರೆ 111. ಪಾಲಿಯೆಸ್ಟರ್ ಅರ್ಧ ಕಿಲೋ ನೀರನ್ನೂ ಕುಡಿಯದು. ಮಾರ್ಚಿಯ ಒಣ ಹವೆಯಲ್ಲಿ ತೂಗಿದ ನೂಲನ್ನು ಜುಲೈಯ ಸೋನೆ ಮಳೆಯಲ್ಲಿ ಮತ್ತೆ ತೂಗಿ ನೋಡು. ಮೊದಲ ವರ್ಷ ನಾನು ತಕ್ಕಡಿ ಕೆಟ್ಟಿದೆ ಎಂದು ದೂರು ಬರೆದುಕೊಟ್ಟು ಬೈಸಿಕೊಂಡಿದ್ದೆ! ಪ್ರಯೋಗಾಲಯದಲ್ಲಿ ಉಷ್ಣಾಂಶದ ಜೊತೆಗೆ ಗಾಳಿಯ ತೇವವನ್ನು ಶೇಕಡ 65ರ ಆಸುಪಾಸಿನಲ್ಲಿ ಹಿಡಿದಿಡುವುದು ಇದಕ್ಕೇ.

ಇನ್ನು ಓದು. ನಿನ್ನ ಡಿಪ್ಲೊಮಾ ವ್ಯರ್ಥವಲ್ಲ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿ ಇದೆ. ಬೆಂಗಳೂರಿನ ಶ್ರೀ ಕೃಷ್ಣರಾಜೇಂದ್ರ ಬೆಳ್ಳಿಹಬ್ಬ ತಾಂತ್ರಿಕ ಸಂಸ್ಥೆ 1938ರಲ್ಲಿ ಹುಟ್ಟಿದ ಸರ್ಕಾರಿ ಕಾಲೇಜು, ಜವಳಿಗೇ ಹೆಸರಾದದ್ದು. ದಾವಣಗೆರೆಯ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಈ ವಿಷಯ ಕಲಿಸುತ್ತಾ ಬಂದಿದ್ದಾರೆ. ಮೆಕ್ಯಾನಿಕಲ್‌ನವರಿಗೆ ಯಾವ ಶಾಖೆ ತೆರೆದಿದೆ ಎಂಬುದನ್ನು ಆಯಾ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೈಪಿಡಿಯಲ್ಲಿ ಓದಿಕೊ, ಗೆಳೆಯರ ಬಾಯಿಮಾತು ನಂಬಬೇಡ. ಕೆಲಸ ಬಿಡಲು ಆಗದಿದ್ದರೆ ದೆಹಲಿ ಐಐಟಿಯ ಪ್ರಾಧ್ಯಾಪಕರ ಜವಳಿ ಪಾಠಗಳು ಅಂತರ್ಜಾಲದ ಪಾಠತಾಣ ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ. ಇಂಗ್ಲಿಷ್‌ನಲ್ಲಿವೆ, ನಿಧಾನಕ್ಕೆ ಕೇಳು, ಕಾರ್ಖಾನೆಯ ಅರ್ಧ ಪದಗಳು ನಿನಗೆ ಈಗಾಗಲೇ ಗೊತ್ತು.

ಪ್ರತಿಕ್ರಿಯೆ (ಮೈಸೂರು):
ಊರಿನ ದೊಡ್ಡ ಗಿರಣಿಗಳೇ ಬಾಗಿಲು ಹಾಕಿದವು. ಈಗ ಹುಡುಗರಿಗೆ ಜವಳಿ ಓದಿ ಎನ್ನುವುದು ನ್ಯಾಯವೇ?

ಉತ್ತರ:
ಗಿರಣಿ ಮುಚ್ಚಿದ ದುಃಖ ನನಗೂ ಇದೆ. ಆದರೆ ಆಸ್ಪತ್ರೆಯ ಗಾಯದ ಪಟ್ಟಿ, ಕಾರಿನ ಸೀಟ್ ಬೆಲ್ಟ್, ರಸ್ತೆಯ ಅಡಿ ಹಾಸುವ ಬಟ್ಟೆ ಇವೂ ಜವಳಿಯೇ. ಸೀರೆ ಪಂಚೆ ಬಿಟ್ಟರೆ ಬಟ್ಟೆಯೇ ಇಲ್ಲ ಎಂದುಕೊಳ್ಳುವುದು ನಮ್ಮ ತಲೆಮಾರಿನ ಅಭ್ಯಾಸ.

ಪ್ರಶ್ನೆ (ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದಿಂದ):
ನಮ್ಮದು ನೇಕಾರರ ಮನೆ. ರೇಷ್ಮೆಗೆ ನಾವೇ ಬಣ್ಣ ಹಾಕಿದರೆ ಒಂದು ಲಡಿಯಲ್ಲೇ (ಸುತ್ತಿದ ನೂಲಿನ ಕಟ್ಟು) ಕಡುಪು ತಿಳುಪು ಬರುತ್ತದೆ. ಬಣ್ಣದ ಅಂಗಡಿಯವರು ಬಣ್ಣ ಸರಿಯಾಗಿಯೇ ಇದೆ ಎನ್ನುತ್ತಾರೆ. ನನ್ನಂಥವಳಿಗೆ ಕೋರ್ಸ್ ಇದೆಯೇ? ಪಿಯುಸಿಗೆ ಓದು ನಿಲ್ಲಿಸಿದ್ದೇನೆ.

ಉತ್ತರ:
ಅಂಗಡಿಯವರು ಈ ಸಲ ನಿಜ ಹೇಳಿರಬಹುದು. ಮೊದಲು ನಿಮ್ಮ ನೀರು ಯಾವುದು ಹೇಳಿ. ಕೊಳವೆಬಾವಿಯದೇ?

ಪ್ರಶ್ನಿಸಿದವರು:
ಹೌದು. ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುತ್ತದೆ.

ಉತ್ತರ:
ಅರ್ಧ ರೋಗ ಅಲ್ಲೇ ಸಿಕ್ಕಿತು, ನಿಮ್ಮದು ಸುಣ್ಣ ಬೆರೆತ ಗಡಸು ನೀರು. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು. ಸೋಪಿನ ನೀರಿನಲ್ಲಿ ಕುದಿಯುವ ಹದಕ್ಕೆ ಕಾಯಿಸಿ ಅದನ್ನು ತೆಗೆಯುತ್ತೀರಿ. ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಸುಣ್ಣದೊಂದಿಗೆ ಸೇರಿ ಜಿಗುಟು ಕಸವಾಗಿ ಎಳೆಗೆ ಅಂಟುತ್ತದೆ. ಅಂಟು ಉಳಿದ ಕಡೆ ಒಂದು ಬಗೆ, ಹೋದ ಕಡೆ ಇನ್ನೊಂದು ಬಗೆ. ಬಣ್ಣ ಎರಡೂ ಕಡೆ ಒಂದೇ ಸಮ ಹತ್ತಲು ಹೇಗೆ ಸಾಧ್ಯ? ಒಂದು ಲಡಿಯನ್ನು ಹಿಡಿದಿಟ್ಟ ಮಳೆ ನೀರಿನಲ್ಲಿ ಮಾಡಿ ಹೋಲಿಸಿ. ಬಣ್ಣದ ತೊಟ್ಟಿಗೆ ಅಸಿಟಿಕ್ ಆಮ್ಲವನ್ನು ಒಮ್ಮೆಲೇ ಸುರಿಯಬೇಡಿ, ಕಂತು ಕಂತಾಗಿ ಹಾಕಿ. ಬಿಸಿಯನ್ನೂ ನಿಧಾನವಾಗಿ ಏರಿಸಿ, ಲಡಿಯನ್ನು ತಿರುವುತ್ತಲೇ ಇರಿ.

ಬೆಂಗಳೂರಿನ ಮಡಿವಾಳದ ಬಳಿ ಕೇಂದ್ರ ರೇಷ್ಮೆ ಮಂಡಳಿಯ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ, 1983ರದು. ಗೂಡಿನಿಂದ ನೂಲು ತೆಗೆಯುವುದರಿಂದ ಹಿಡಿದು ನೇಯ್ಗೆ, ಬಣ್ಣಗಾರಿಕೆಯವರೆಗೆ ಅಲ್ಪಾವಧಿ ತರಬೇತಿ ಕೊಡುತ್ತಾರೆ. ನಿಮಗೆ ಬೇಕಾದದ್ದು ಬಣ್ಣಗಾರಿಕೆ, ಅದನ್ನೇ ಕೇಳಿ. ಮನೆಯಲ್ಲಿ ತಮ್ಮನೋ ತಂಗಿಯೋ ಎಸ್‌ಎಸ್‌ಎಲ್‌ಸಿ ಮುಗಿಸಿದ್ದರೆ ಗದಗ-ಬೆಟಗೇರಿಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯ ಮೂರು ವರ್ಷದ ಡಿಪ್ಲೊಮಾ ನೆನಪಿರಲಿ. ಮಗ್ಗದ ಮನೆಯ ಮಕ್ಕಳು ಅಲ್ಲಿ ಮೊದಲ ದಿನವೇ ಅರ್ಧ ದಾರಿ ಮುಂದಿರುತ್ತಾರೆ.

ಪ್ರಶ್ನೆ (ಮೈಸೂರು, ತಾಯಿಯೊಬ್ಬರಿಂದ):
ಮಗಳು ಬಿ.ಎಸ್‌ಸಿ. ಸಸ್ಯಶಾಸ್ತ್ರ ಮಾಡಿದ್ದಾಳೆ. ರೇಷ್ಮೆ ಇಷ್ಟ, ಯಂತ್ರ ಇಷ್ಟವಿಲ್ಲ.

ಉತ್ತರ:
ಹಾಗಿದ್ದರೆ ಅವಳದು ಜವಳಿಯಲ್ಲ, ರೇಷ್ಮೆ ಕೃಷಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಅದರ ಎಂ.ಎಸ್‌ಸಿ. ಇದೆ. ಶ್ರೀರಾಂಪುರದ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲೂ ವಿಚಾರಿಸಿ. ಮಂಡ್ಯದ ರೈತರು ಬೆಳೆಯುವ ವಿ-1 ಎಂಬ ಹಿಪ್ಪುನೇರಳೆ ತಳಿ ಬಂದದ್ದು ಅಲ್ಲಿಂದಲೇ. ಊರಲ್ಲೇ ಇಟ್ಟುಕೊಂಡು ನಾವು ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುತ್ತೇವೆ.

ಮೊದಲ ಪ್ರಶ್ನಿಸಿದವರು (ಮದ್ದೂರು):
ಸರ್, ಆ ಕೇಂದ್ರಕ್ಕೆ ಹೋಗಿ ಪ್ರಯೋಗಾಲಯ ಕೇಳಿದೆ. ‘ಕಾರ್ಖಾನೆ ಭೇಟಿ ಮಾಡಿಸುತ್ತೇವೆ’ ಎಂದರು. ಡಿಸಿಇಟಿ ಪುಸ್ತಕ ತೆಗೆದುಕೊಂಡು ಬಂದೆ. ಈ ಭಾನುವಾರ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ ನೋಡಿ ಬರಲೇ?

ಉತ್ತರ:
ಭಾನುವಾರ ಬೇಡ, ಕೆಲಸದ ದಿನ ರಜೆ ಹಾಕಿ ಹೋಗು. 1912ರಿಂದ ನಡೆಯುತ್ತಿರುವ ಕಾರ್ಖಾನೆ ಅದು. ನಿಂತ ಮಗ್ಗ ನೋಡಿ ಏನು ಮಾಡುತ್ತೀಯ? ಹೊಕ್ಕಿನ ನೂಲಿಗೆ ತಿರುವು ಹಾಕುವ ವಿಭಾಗ ನೋಡಲು ಬಿಟ್ಟರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲು. ಕ್ರೇಪ್ ಸೀರೆಯ ಆ ಸಣ್ಣ ಸುಕ್ಕು ಹುಟ್ಟುವುದು ಅಲ್ಲಿ. ಸಂಜೆ ಬಂದು ನೋಡಿದ್ದನ್ನು ಇಲ್ಲಿ ಬರೆ, ತಪ್ಪಿದ್ದರೆ ತಿದ್ದುತ್ತೇನೆ.