ಚಿಪ್ಪು ಸಮೇತ ಪಚ್ಚಿಲೆ, ಕುಡಿಯುವಂಥ ರಸ: ಅನುಭವ ಇದ್ದವರು ಹೇಳಿ

ಕೇಳಿದವರು: ತೆಂಗಿನತುರಿ ಹಾಕಿದ ಒಣ ಸುಕ್ಕ ಬೇಡ. 1 ಕೆ.ಜಿ. ಪಚ್ಚಿಲೆಯನ್ನು (ಎರಡು ಚಿಪ್ಪಿನ ಕಡಲಜೀವಿ) ಚಿಪ್ಪು ಸಮೇತ ಹಬೆಯಲ್ಲಿ ಬೇಯಿಸಬೇಕು. ಹೋದ ಸಲ ರಸ ಬರೀ ಉಪ್ಪು, ಮಾಂಸ ರಬ್ಬರು. ಎಲ್ಲಿ ತಪ್ಪಿತು?

ಉಳ್ಳಾಲದವರು: ನಾನು ಚಿಟಿಕೆ ಉಪ್ಪೂ ಹಾಕುವುದಿಲ್ಲ. ಪಚ್ಚಿಲೆ ಬಾಯಿ ಬಿಟ್ಟಾಗ ಒಳಗಿನ ಸಮುದ್ರದ ನೀರೆಲ್ಲ ಪಾತ್ರೆಗೇ ಇಳಿಯುತ್ತದೆ. 2 ಚಮಚ ತೆಂಗಿನೆಣ್ಣೆಯಲ್ಲಿ 8 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ನೀರುಳ್ಳಿ, 4 ಕಾಯಿಮೆಣಸು, ಕರಿಬೇವು, ಜಜ್ಜಿದ ಕಾಳುಮೆಣಸು ಅರ್ಧ ಚಮಚ ಬಾಡಿಸಿ, ಅರ್ಧ ಲೋಟ ನೀರು. ಅದು ತಳಮಳ ಕುದಿದ ಮೇಲೆಯೇ ಪಚ್ಚಿಲೆ. ಮುಚ್ಚಳ, ದೊಡ್ಡ ಉರಿ, 5 ನಿಮಿಷ, ನಡುವೆ ಒಮ್ಮೆ ಪಾತ್ರೆ ಕುಲುಕುವುದು. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಮೇಲಿನದ್ದು ಬಾಯಿ ಬಿಡುವಷ್ಟರಲ್ಲಿ ಅಡಿಯದ್ದು ರಬ್ಬರು.

ಕುಂದಾಪುರದವರು: ನಮ್ಮಲ್ಲಿ ಇದು ನೀಲಿಕಲ್ಲು. ರಾತ್ರಿಯಿಡೀ ನೀರಲ್ಲಿ ನೆನೆಸದಿದ್ದರೆ ಹಲ್ಲಿಗೆ ಮರಳು ಸಿಗುತ್ತದೆ.

ಉಳ್ಳಾಲದವರು: ದಯವಿಟ್ಟು ಹಾಗೆ ಹೇಳಿಕೊಡಬೇಡಿ! ನಲ್ಲಿ ನೀರಲ್ಲಿ ರಾತ್ರಿ ಇಟ್ಟದ್ದು ಬೆಳಗ್ಗೆ ಸತ್ತಿರುತ್ತದೆ. ಮರಳಲ್ಲಿ ಹೂತಿರುವುದು ಮರುವಾಯಿ ಎಂಬ ಬೇರೆ ಚಿಪ್ಪು, ಪಚ್ಚಿಲೆ ಬಂಡೆ ಹಿಡಿದು ಬೆಳೆಯುವಂಥದ್ದು. ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿಡಿ, ಪ್ಲಾಸ್ಟಿಕ್ ಕಟ್ಟಬೇಡಿ.

ಕುಂದಾಪುರದವರು: ನದಿ ಕಡಲು ಸೇರುವ ಅಳಿವೆ ಬಾಯಲ್ಲಿ ಕಿತ್ತದ್ದನ್ನು ನೀವು ತೊಳೆದು ನೋಡಿಲ್ಲ, ಅಷ್ಟೇ. ನಲ್ಲಿ ನೀರಿನ ಮಾತು ಒಪ್ಪಿದೆ. ಲೀಟರಿಗೆ 30 ಗ್ರಾಂ ಕಲ್ಲುಪ್ಪು ಕರಗಿಸಿ ಒಂದು ಗಂಟೆ ಇಡಲಿ. ರಸವನ್ನು ತೆಳು ಬಟ್ಟೆಯಲ್ಲಿ ಸೋಸಿ, ಅಡಿಯ ಎರಡು ಚಮಚ ಚೆಲ್ಲಲೇಬೇಕು.

ಕಾರವಾರದವರು: ಪಚ್ಚಿಲೆ ಬಂಡೆಗೆ ಅಂಟಿಕೊಳ್ಳುವ ನಾರಿನ ಬಗ್ಗೆ ಯಾರೂ ಹೇಳಲಿಲ್ಲ. ಚೂಪು ತುದಿಯ ಕಡೆಗೆ ಎಳೆದು ಕೀಳಬೇಕು, ಅದೂ ಒಲೆಗೆ ಹಾಕುವ ಮುಂಚೆ. ಮೊದಲೇ ಕಿತ್ತಿಟ್ಟರೆ ಒಳಗೆ ಗಾಯವಾಗಿ ಸಾಯುತ್ತದೆ. ತಟ್ಟಿದರೂ ಬಾಯಿ ಮುಚ್ಚದ್ದು, ಚಿಪ್ಪು ಒಡೆದದ್ದು ಎಸೆಯಿರಿ. ದುಡ್ಡು ಹೋಯಿತೆಂದು ಉಳಿಸಬೇಡಿ. ಬೆಂದ ಮಾಂಸ ತೂಕದ ಕಾಲು ಭಾಗವಷ್ಟೇ ಅನ್ನಿ, ಕೆ.ಜಿ.ಗೆ 300 ರೂಪಾಯಿ ಕೊಟ್ಟರೆ ಮಾಂಸ ಕೆ.ಜಿ.ಗೆ 1,200 ಬಿದ್ದ ಹಾಗೆ. ಹೊಟ್ಟೆ ಉರಿಯುತ್ತದೆ, ಆದರೂ ಎಸೆಯಿರಿ.

ಭಟ್ಕಳದವರು: ತೆಂಗಿನಹಾಲಿಲ್ಲದ ರಸ ರಸವೇ ಅಲ್ಲ. ಅರ್ಧ ಕಾಯಿಯ ದಪ್ಪ ಹಾಲು, ಒಲೆ ಆರಿಸಿದ ಮೇಲೆ. ಕುದಿಸಿದರೆ, ಅದರಲ್ಲೂ ಹುಳಿ ಬಿದ್ದಿದ್ದರೆ, ಒಡೆಯುತ್ತದೆ.

ಉಳ್ಳಾಲದವರು: ಹಾಲು ಹಾಕಿದರೆ ಸಮುದ್ರದ ರುಚಿ ಮುಚ್ಚಿಹೋಗುತ್ತದೆ. ಹುಳಿಗೆ ಪುನರ್ಪುಳಿ (ಕೋಕಂ) ಸಿಪ್ಪೆ 4 ಸಾಕು.

ಭಟ್ಕಳದವರು: ನಿಮ್ಮ ನಾಲಗೆಯೇ ಊರಿಗೆಲ್ಲ ಅಳತೆಯೇ?

ಕಾಸರಗೋಡಿನವರು: ಜಗಳ ಆಮೇಲೆ ಆಡಿ. 1997ರಲ್ಲಿ ಕೇರಳದ ವಿಳಿಞ್ಞಂನಲ್ಲಿ ಇದೇ ಬಳಗದ ಚಿಪ್ಪು ತಿಂದು 7 ಜನ ಸತ್ತರು. ಪಾಚಿಯ ವಿಷ, ಬೇಯಿಸಿದರೂ ಹೋಗದು. ನೀರು ಕೆಂಪಗಾದಾಗ ಕಿತ್ತದ್ದು ಬೇಡವೇ ಬೇಡ. ತುಟಿ ಜುಮ್ಮೆಂದರೆ ಕಾಯದೆ ಆಸ್ಪತ್ರೆಗೆ ಓಡಿ.

ಕೇಳಿದವರು: ಬೆಂದ ಮೇಲೂ ಬಾಯಿ ಬಿಡದ್ದು?

ಕಾರವಾರದವರು: ಇನ್ನೊಂದು ನಿಮಿಷ ಕೊಡಿ. ಆಗಲೂ ಬಿಡದಿದ್ದರೆ ಎಸೆಯಿರಿ. ಬಾಯಿ ಬಿಟ್ಟವನ್ನು ಮಾತ್ರ ಮೊದಲೇ ತೆಗೆದಿಡಿ, ನಿಮ್ಮ ರಬ್ಬರು ಅಲ್ಲೇ ಹುಟ್ಟಿದ್ದು.