ಲಫ್ರೋಯಿಗ್ ವಿಸ್ಕಿಗೆ ಟಿಂಚರ್ ವಾಸನೆ ಯಾಕೆ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಕಾಕಾ ಲಂಡನ್‌ನಿಂದ ಲಫ್ರೋಯಿಗ್ 10 ತಂದಿದ್ದಾರೆ. ಮುಚ್ಚಳ ತೆಗೆದರೆ ಆಸ್ಪತ್ರೆಯ ಟಿಂಚರ್ ವಾಸನೆ. ಕೆಟ್ಟಿದೆಯಾ?

ಉತ್ತರ (ಧಾರವಾಡ): ಕೆಟ್ಟಿಲ್ಲ ರೀ, ಚೆಲ್ಲಬೇಡಿ! ಅದು ಪೀಟ್ (ಅರೆ ಕೊಳೆತ ಗಿಡಗಳ ಮಣ್ಣು) ಹೊಗೆ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಮರ ಕಡಿಮೆ. ಜೌಗು ನೆಲದಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳೇ ಹಿಂದೆ ಉರುವಲು. ಬಾರ್ಲಿ ನೆನೆಸಿ, ನೆಲಕ್ಕೆ ಹರಡಿ, ಮೊಳಕೆ ಬಂದ ಮೇಲೆ ಆ ಹೊಗೆಯಲ್ಲಿ ಒಣಗಿಸುತ್ತಾರೆ. ಹೊಗೆಯಲ್ಲಿರುವ ಫೀನಾಲ್ ಎಂಬ ಟಿಂಚರ್ ವಾಸನೆಯ ರಾಸಾಯನಿಕ ಕಾಳಿಗೆ ಅಂಟುತ್ತದೆ. ಆಮೇಲೆ ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸಿ, ಓಕ್ ಪೀಪಾಯಿಯಲ್ಲಿ ಕನಿಷ್ಠ 10 ವರ್ಷ. ಆದರೂ ಆ ವಾಸನೆ ಹೋಗಲ್ಲ. ನನಗಂತೂ ಅದೇ ಇಷ್ಟ.

ಉತ್ತರ (ಗದಗ): ಲಫ್ರೋಯಿಗ್ ಭಟ್ಟಿ 1815ರಲ್ಲಿ ಜಾನ್‌ಸ್ಟನ್ ಅಣ್ಣತಮ್ಮಂದಿರು ಶುರು ಮಾಡಿದ್ದು. ಟೈಪಿಸ್ಟ್ ಆಗಿ ಸೇರಿದ ಬೆಸ್ಸಿ ವಿಲಿಯಮ್ಸನ್ 1954ರಲ್ಲಿ ಒಡತಿಯಾದರು. ಎಂಥ ಹೆಣ್ಣುಮಗಳು!

ಪ್ರಶ್ನೆ ಕೇಳಿದವರು: ನೀರು ಹಾಕಬಹುದಾ?

ಧಾರವಾಡ: ಒಂದು ಚಮಚ ಸಾಕು. ಐಸ್ ಬೇಡ.