ಸಹಾಯ ಬೇಕು: ಒಂದೇ ಕಾರ್ಯಕ್ರಮದ ಎರಡು ರೆಕಾರ್ಡಿಂಗ್ ಕೂಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಹೆಸರು ಮಾಡುತ್ತಿರುವ ಒಂದು ಫೋಕ್-ರಾಕ್ ಬ್ಯಾಂಡ್‌ನ ಕಾರ್ಯಕ್ರಮವನ್ನು ಅವರ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿದೆ. ಒಂದು ಮಿಕ್ಸರ್‌ನಿಂದ (ವೇದಿಕೆಯ ಮೈಕ್, ವಾದ್ಯಗಳ ಸದ್ದು ಕೂಡಿಸುವ ಯಂತ್ರ) ನೇರ ತೆಗೆದದ್ದು. ಇನ್ನೊಂದು ವೇದಿಕೆಯಿಂದ ಸುಮಾರು 10 ಮೀಟರ್ ದೂರ ಮೈಕ್ ಇಟ್ಟು ಮಾಡಿದ್ದು. ಎರಡರ ರೆಕಾರ್ಡಿಂಗ್ ಗುಣಮಟ್ಟವೂ ಒಂದೇ: 24 ಬಿಟ್, 48 ಕಿಲೋಹರ್ಟ್ಸ್.

ಮಿಕ್ಸರ್‌ನದ್ದರಲ್ಲಿ ಹಾಡುಗಾರ್ತಿ ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಆದರೆ ಡ್ರಮ್ಸ್ ಪಕ್ಕದ ಮನೆಯಲ್ಲಿ ಬಾರಿಸಿದ ಹಾಗಿದೆ. ಚಿಕ್ಕ ಹಾಲ್ ಅಲ್ವಾ, ಡ್ರಮ್ಸ್‌ಗೆ ಮೈಕೇ ಇಟ್ಟಿರಲಿಲ್ಲ. ನನ್ನ ಮೈಕ್‌ನದ್ದರಲ್ಲಿ ಡ್ರಮ್ಸ್, ಚಪ್ಪಾಳೆ ಎಲ್ಲ ಚೆನ್ನಾಗಿ ಬಂದಿದೆ. ಜೊತೆಗೆ ಹಿಂದೆ ಕೂತವರ ಹರಟೆ ಫ್ರೀ!

ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ಕೂಡಿಸಿದೆ. ಗಾಳಿಯಲ್ಲಿ 10 ಮೀಟರ್ ಬರಲು ಸದ್ದಿಗೆ ಸುಮಾರು 29 ಮಿಲಿಸೆಕೆಂಡ್ ಬೇಕು, ಅಷ್ಟು ಸರಿಸಿದೆ. ಮೊದಲ ಹಾಡು ಸರಿಯಾಗಿ ಕೂತಿತು. 40ನೇ ನಿಮಿಷಕ್ಕೆ ಬಂದರೆ ಬ್ಯಾಂಜೋದ ಒಂದೊಂದು ಮೀಟೂ ಎರಡೆರಡು ಸಲ ಕೇಳುತ್ತದೆ! ಎರಡು ರೆಕಾರ್ಡರ್‌ಗಳ ಗಡಿಯಾರ ಒಂದೇ ವೇಗದಲ್ಲಿ ಓಡಿಲ್ಲ.

ಇಡೀ ಫೈಲನ್ನು ಒಂದೇ ಸಲ ಹಿಗ್ಗಿಸಬೇಕಾ, ಇಲ್ಲ ಹಾಡು ಹಾಡಾಗಿ ಕತ್ತರಿಸಿ ಹೊಂದಿಸಬೇಕಾ? ಶ್ರುತಿ ಮಾತ್ರ ಕೆಡಬಾರದು. ಸುಮ್ನೆ ಕೇಳಿದ್ದಲ್ಲ, ಮಾಡಿ ನೋಡಿದವರು ದಯವಿಟ್ಟು ಹೇಳಿ. ಮುಗಿದ ಮೇಲೆ ಬ್ಯಾಂಡ್‌ನವರಿಗೆ ಫ್ಲ್ಯಾಕ್ ಫೈಲ್ (ಗುಣಮಟ್ಟ ಕೆಡದಂತೆ ಕುಗ್ಗಿಸಿದ ಆಡಿಯೋ) ಕೊಡುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ.